ವಿಮಾನ ಸಂಸ್ಥೆಗಳ ಮೈಲು ಲೆಕ್ಕ: ಯಾರಿಗೆ ಯಾವ ಯೋಜನೆ?

ಗಲ್ಫ್‌ನಲ್ಲಿ ದುಡಿಯುವವರು ಇಲ್ಲದ ಊರು ಕಾಸರಗೋಡು, ಮಂಜೇಶ್ವರ ಕಡೆ ಹುಡುಕಿದರೂ ಸಿಗಲಿಕ್ಕಿಲ್ಲ. ಹೊಸೂರು, ತಾಳವಾಡಿ ಕಡೆಯ ಹುಡುಗರು ಬೆಂಗಳೂರಿನ ಕಂಪೆನಿ ಸೇರಿ ಕೆಲಸದ ಮೇಲೆ ದಿಲ್ಲಿ, ಮುಂಬಯಿಗೆ ಹಾರುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯ ತಂದೆ ತಾಯಂದಿರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಾರೆ. ಟಿಕೆಟು ತೆಗೆಯುವಾಗ ಇವರೆಲ್ಲರಿಗೂ ಎದುರಾಗುವ ಒಂದು ಪ್ರಶ್ನೆಯಿದೆ: ಫ್ರೀಕ್ವೆಂಟ್ ಫ್ಲೈಯರ್ ನಂಬರ್ ಇದೆಯೇ? ಹೆಚ್ಚಿನವರು ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ.

ಖಾಲಿ ಬಿಟ್ಟರೆ ನಷ್ಟವೇ? ಸ್ವಲ್ಪ ನಷ್ಟವೇ ಸರಿ, ಏಕೆಂದರೆ ಸದಸ್ಯರಾಗಲು ದುಡ್ಡು ಕೊಡಬೇಕಾಗಿಲ್ಲ. ಆದರೆ ನಂಬರ್ ತುಂಬಿಸಿದ ಮಾತ್ರಕ್ಕೆ ಪುಕ್ಕಟೆ ಟಿಕೆಟು ಕೈಗೆ ಬರುತ್ತದೆ ಎಂದು ತಿಳಿಯುವುದೂ ತಪ್ಪು. ಈ ಯೋಜನೆಗಳು ಮೇಲಿಂದ ಮೇಲೆ ಹಾರುವವರಿಗಾಗಿ, ಅದರಲ್ಲೂ ದುಬಾರಿ ಟಿಕೆಟಿನಲ್ಲಿ ಹಾರುವವರಿಗಾಗಿ ಮಾಡಿದವು. ವರ್ಷಕ್ಕೊಮ್ಮೆ ಅಗ್ಗದ ಟಿಕೆಟಿನಲ್ಲಿ ಬರುವವರಿಗೆ ಸಿಗುವುದು ಚಿಲ್ಲರೆ ಲಾಭ. ಆ ಚಿಲ್ಲರೆಯನ್ನು ಕಳೆದುಕೊಳ್ಳದಿರುವುದು ಹೇಗೆ, ಅದರ ಆಸೆಗೆ ಬಿದ್ದು ನೋಟು ಕಳೆದುಕೊಳ್ಳದಿರುವುದು ಹೇಗೆ ಎಂಬುದೇ ನಮ್ಮ ಕಡೆಯ ಪ್ರಯಾಣಿಕರು ತಿಳಿಯಬೇಕಾದ ವಿಷಯ.

ಮೈಲು ಹುಟ್ಟಿದ ಬಗೆ

ಅಮೆರಿಕದಲ್ಲಿ 1978ರಲ್ಲಿ ವಿಮಾನ ದರಗಳ ಮೇಲಿನ ಸರಕಾರಿ ನಿಯಂತ್ರಣ ತೆಗೆದುಹಾಕಲಾಯಿತು. ಸಂಸ್ಥೆಗಳ ನಡುವೆ ದರ ಸಮರ ಶುರುವಾಯಿತು. ಪದೇ ಪದೇ ಬರುವ ಗಿರಾಕಿಯನ್ನು ಕಟ್ಟಿಹಾಕಿಕೊಳ್ಳಲು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಅಡ್ವಾಂಟೇಜ್ ಎಂಬ ಯೋಜನೆ ತಂದಿತು. ಯುನೈಟೆಡ್ ಸಂಸ್ಥೆ ಕೆಲವೇ ದಿನಗಳಲ್ಲಿ ಮೈಲೇಜ್ ಪ್ಲಸ್ ಎಂಬ ತನ್ನ ಯೋಜನೆ ಘೋಷಿಸಿತು. ಎಷ್ಟು ಮೈಲು ಹಾರಿದಿರೋ ಅಷ್ಟು ಮೈಲು ನಿಮ್ಮ ಖಾತೆಗೆ, ಸಾಕಷ್ಟು ಸೇರಿದ ಮೇಲೆ ಒಂದು ಟಿಕೆಟು ಉಚಿತ. ಲೆಕ್ಕ ಅಷ್ಟು ಸರಳವಾಗಿತ್ತು.

ಈಗ ಹಾಗಿಲ್ಲ. ಡೆಲ್ಟಾ ಮತ್ತು ಯುನೈಟೆಡ್ ಸಂಸ್ಥೆಗಳು 2015ರಲ್ಲಿ ದೂರದ ಲೆಕ್ಕ ಬಿಟ್ಟು ಹಣದ ಲೆಕ್ಕಕ್ಕೆ ಬದಲಾದವು. ನಮ್ಮ ಏರ್ ಇಂಡಿಯಾ ಕೂಡ 2024ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿಯಿತು. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಲ್ಲಿ ಹದಿನೈದು ಸಾವಿರ ಕೊಟ್ಟವನಿಗೆ ಕಡಿಮೆ ಪಾಯಿಂಟ್, ಮೂವತ್ತು ಸಾವಿರ ಕೊಟ್ಟವನಿಗೆ ಹೆಚ್ಚು. ಅದೂ ಮೂಲ ದರದ ಮೇಲೆ. ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಕ್ಕೆ ಪಾಯಿಂಟ್ ಇಲ್ಲ. ತಿಂಗಳುಗಳ ಮೊದಲೇ ಕಾದು ಕುಳಿತು ಕಡಿಮೆ ದರ ಹುಡುಕುವ ಜಾಣ ಪ್ರಯಾಣಿಕನಿಗೆ ಈ ಬದಲಾವಣೆಯಿಂದ ಪೆಟ್ಟು ಬಿದ್ದಿದೆ ಎಂದೇ ಹೇಳಬೇಕು.

ಇನ್ನೊಂದು ವಿಷಯ ನೆನಪಿರಲಿ. ಮೈಲುಗಳನ್ನು ವಿಮಾನ ಸಂಸ್ಥೆಗಳು ಪ್ರಯಾಣಿಕನಿಗೆ ಕೊಡುವುದಕ್ಕೆ ಮಾತ್ರ ಬಳಸುವುದಿಲ್ಲ, ಬ್ಯಾಂಕುಗಳಿಗೆ ಸಗಟಾಗಿ ಮಾರುತ್ತವೆ. ಬ್ಯಾಂಕುಗಳು ಕ್ರೆಡಿಟ್ ಕಾರ್ಡ್ ಗಿರಾಕಿಗಳಿಗೆ ಅದನ್ನು ಹಂಚುತ್ತವೆ. ಕೊರೋನಾ ಕಾಲದಲ್ಲಿ, 2020ರಲ್ಲಿ, ವಿಮಾನಗಳೇ ಹಾರದಿದ್ದಾಗ ಯುನೈಟೆಡ್ ಸಂಸ್ಥೆ ತನ್ನ ಮೈಲು ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್, ಡೆಲ್ಟಾ 900 ಕೋಟಿ ಡಾಲರ್ ಎತ್ತಿದವು. ಉಚಿತ ಉಡುಗೊರೆ ಎಂದು ನಾವು ತಿಳಿದದ್ದು ಅವರಿಗೆ ವಿಮಾನದಷ್ಟೇ ಬೆಲೆಯ ಆಸ್ತಿ!

ಗಲ್ಫ್‌ನಿಂದ ರಜೆಯಲ್ಲಿ ಬರುವವರು

ಮೊದಲು ನೋಡಬೇಕಾದದ್ದು ಯಾವ ಯೋಜನೆ ಒಳ್ಳೆಯದು ಎಂದಲ್ಲ, ನಮ್ಮ ಹತ್ತಿರದ ನಿಲ್ದಾಣದಿಂದ ಯಾರ ವಿಮಾನ ಹಾರುತ್ತದೆ ಎಂದು. ಕಾಸರಗೋಡು ಕಡೆಯವರಿಗೆ ಹತ್ತಿರದವು ಎರಡು: ಉತ್ತರಕ್ಕೆ ಮಂಗಳೂರಿನ ಬಜ್ಪೆ, ದಕ್ಷಿಣಕ್ಕೆ 2018ರ ಡಿಸೆಂಬರ್ 9ರಂದು ಆರಂಭವಾದ ಕಣ್ಣೂರಿನ ಮಟ್ಟನ್ನೂರು. ಎರಡೂ ಅಂತಾರಾಷ್ಟ್ರೀಯ ನಿಲ್ದಾಣಗಳೇ. ಆದರೆ ಅಲ್ಲಿಂದ ಗಲ್ಫ್‌ಗೆ ನಿತ್ಯ ಸೇವೆ ನಡೆಸುವುದು ಏರ್ ಇಂಡಿಯಾ ಎಕ್ಸ್‌ಪ್ರೆಸ್, ಇಂಡಿಗೋದಂಥ ಭಾರತೀಯ ಸಂಸ್ಥೆಗಳು. ಎಮಿರೇಟ್ಸ್ ಅಥವಾ ಕತಾರ್ ಏರ್‌ವೇಸ್ ಬೇಕೆಂದರೆ ಕೊಚ್ಚಿಗೋ ಬೆಂಗಳೂರಿಗೋ ಹೋಗಬೇಕು. ಕತಾರ್ ವಿಮಾನ ಕೋಝಿಕ್ಕೋಡಿನ ಕರಿಪುರದಲ್ಲೂ ಸಿಗುತ್ತದೆ. ವಯನಾಡಿನವರಿಗೆ ಅದು ಅನುಕೂಲ.

ಹೀಗಿರುವಾಗ ದುಬೈಯ ಗೆಳೆಯರು ಹೇಳಿದರೆಂದು ಎಮಿರೇಟ್ಸ್‌ನ ಸ್ಕೈವರ್ಡ್ಸ್ ಯೋಜನೆಯ ಹಿಂದೆ ಬೀಳುವುದರಲ್ಲಿ ಏನು ಅರ್ಥ? ಮಂಗಳೂರಿನಿಂದ ದುಬೈ ನೇರ ದೂರ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಅಷ್ಟು ಹತ್ತಿರದ ಊರಿಗೆ ಹೋಗಲು ಕುಟುಂಬ ಸಮೇತ ಕೊಚ್ಚಿಯವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ, ಅರ್ಧ ದಿನದ ಅಲೆದಾಟ. ಆ ಖರ್ಚನ್ನು ಸರಿದೂಗಿಸುವಷ್ಟು ಮೈಲು ಅಗ್ಗದ ದರದ ಟಿಕೆಟಿನಲ್ಲಿ ಸಿಗುವುದಿಲ್ಲ.

ಸ್ಕೈವರ್ಡ್ಸ್‌ನ ಮೇಲಿನ ದರ್ಜೆಗಳ ಲೆಕ್ಕವನ್ನೇ ನೋಡಿ. ಸೇರಿದವರೆಲ್ಲ ಬ್ಲೂ ದರ್ಜೆ. ಅದರ ಮೇಲಿನ ಸಿಲ್ವರ್ ಸಿಗಬೇಕಾದರೆ ಒಂದು ವರ್ಷದ ಆಸುಪಾಸಿನ ಅವಧಿಯಲ್ಲಿ 25 ಹಾರಾಟ, ಇಲ್ಲವೇ 25,000 ದರ್ಜೆ ಮೈಲು ಬೇಕು. ಗೋಲ್ಡ್‌ಗೆ ಅದರ ಎರಡರಷ್ಟು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುವವನ ಲೆಕ್ಕದಲ್ಲಿ ಸೇರುವುದು ಎರಡೇ ಹಾರಾಟ. ಲೌಂಜ್‌ನಲ್ಲಿ ಕುಳಿತು ಕಾಫಿ ಕುಡಿಯುವ ಯೋಗ ಅವನಿಗೆ ಈ ದಾರಿಯಿಂದ ಬರಲಾರದು.

ಹಾಗೆಂದು ಸ್ಕೈವರ್ಡ್ಸ್ ಯಾರಿಗೂ ಬೇಡ ಎಂದಲ್ಲ. ಹೆಂಡತಿ ಮಕ್ಕಳೊಂದಿಗೆ ದುಬೈಯಲ್ಲಿ ನೆಲೆಸಿ ಬೆಂಗಳೂರು, ಹೈದರಾಬಾದ್ ಅಥವಾ ಮುಂಬಯಿ ಮೂಲಕ ಬರುವವರಿಗೆ ಅದು ಒಳ್ಳೆಯ ಯೋಜನೆಯೇ. ಪಶ್ಚಿಮ ತೆಲಂಗಾಣದವರಿಗೆ ಹೈದರಾಬಾದ್ ಹೇಗೂ ಹತ್ತಿರ, ಸೊಲ್ಲಾಪುರದವರಿಗೆ ಮುಂಬಯಿ ರೂಢಿಯ ದಾರಿ. ಫ್ಲೈದುಬೈ ಸಂಸ್ಥೆಯ ಹಾರಾಟಕ್ಕೂ 2018ರಿಂದ ಇದೇ ಮೈಲು ಸಿಗುತ್ತದೆ. ಎಲ್ಲಕ್ಕಿಂತ ಉಪಯುಕ್ತವಾದದ್ದು ಅಲ್ಲಿನ ‘ಮೈ ಫ್ಯಾಮಿಲಿ’ ಸೌಲಭ್ಯ. ಎಂಟು ಮಂದಿಯವರೆಗಿನ ಕುಟುಂಬದವರು ತಮ್ಮ ಮೈಲುಗಳನ್ನು ಒಂದೇ ಖಾತೆಗೆ ಹಾಕಬಹುದು. ನಾಲ್ವರ ಖಾತೆಯಲ್ಲಿ ಚೂರು ಚೂರಾಗಿ ಬಿದ್ದು ಕೊಳೆಯುವ ಮೈಲು ಒಂದೆಡೆ ಸೇರಿದರೆ ಒಂದು ಟಿಕೆಟಾದರೂ ಆದೀತು. ಸ್ಕೈವರ್ಡ್ಸ್ ಮೈಲಿಗೆ ಮೂರು ವರ್ಷದ ಆಯುಷ್ಯ. ಮೂರನೆಯ ವರ್ಷ ನಿಮ್ಮ ಹುಟ್ಟಿದ ತಿಂಗಳ ಕೊನೆಗೆ ಅದು ಸಾಯುತ್ತದೆ. ನಮ್ಮಲ್ಲಿ ಹಿರಿಯರ ಪಾಸ್‌ಪೋರ್ಟಿನಲ್ಲಿ ಶಾಲೆಯ ಲೆಕ್ಕದ ಹುಟ್ಟಿದ ತಾರೀಕು, ಮನೆಯಲ್ಲಿ ಹೇಳುವುದು ಇನ್ನೊಂದು. ಇಲ್ಲಿ ನಡೆಯುವುದು ಪಾಸ್‌ಪೋರ್ಟಿನದ್ದೇ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಬಜ್ಪೆ, ಕಣ್ಣೂರಿನಿಂದ ಹಾರುವ ಬಹುಸಂಖ್ಯಾತರ ಪಾಡು. ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಂದೇ ಟಾಟಾ ಸಮೂಹಕ್ಕೆ ಸೇರಿದ್ದರೂ ಎರಡರ ಯೋಜನೆ ಒಂದೇ ಅಲ್ಲ. ಏರ್ ಇಂಡಿಯಾದ ಯೋಜನೆಗೆ ಹಿಂದೆ ಫ್ಲೈಯಿಂಗ್ ರಿಟರ್ನ್ಸ್ ಎಂಬ ಹೆಸರಿತ್ತು, ಈಗ ಅದು ಮಹಾರಾಜ ಕ್ಲಬ್. ಎಕ್ಸ್‌ಪ್ರೆಸ್‌ನವರು ನಂಟು ಬೆಳೆಸಿಕೊಂಡದ್ದು ಟಾಟಾ ಸಮೂಹದ ನ್ಯೂಕಾಯಿನ್ ಜೊತೆ. ಒಂದು ನ್ಯೂಕಾಯಿನ್ ಎಂದರೆ ಒಂದು ರೂಪಾಯಿ. ಹಾಗಾಗಿ ಇದು ಮೈಲು ಎನ್ನುವುದಕ್ಕಿಂತ ಅಂಗಡಿಯವನು ಮುಂದಿನ ಸಲಕ್ಕೆಂದು ಬಿಡುವ ರಿಯಾಯಿತಿ ಎನ್ನಬಹುದು. ಲೆಕ್ಕ ಅರ್ಥವಾಗುವುದರಿಂದ ಸಾಮಾನ್ಯ ಪ್ರಯಾಣಿಕನಿಗೆ ಇದೇ ವಾಸಿ ಎಂದು ನನಗೆ ಅನ್ನಿಸುತ್ತದೆ. ಆದರೆ ಒಂದು ತೊಡಕು. ಇಂಥ ನಾಣ್ಯಗಳು ಬೀಳುವುದು ಲಾಗಿನ್ ಆಗಿ ಟಿಕೆಟು ತೆಗೆದವರ ಖಾತೆಗೆ. ಊರಿನ ಟ್ರಾವೆಲ್ಸ್‌ನವರ ಮೂಲಕ ಟಿಕೆಟು ಮಾಡಿಸುವವರಿಗೆ ಅದು ಸಿಗುವುದಿಲ್ಲ. ಟ್ರಾವೆಲ್ಸ್‌ನವರು ಸಾಲದ ಮೇಲೆ ಟಿಕೆಟು ಕೊಡುತ್ತಾರೆ, ತಾರೀಕು ಬದಲಿಸಲು ಅರ್ಧ ರಾತ್ರಿಗೂ ಫೋನ್ ಎತ್ತುತ್ತಾರೆ. ಆ ಉಪಕಾರದ ಮುಂದೆ ಇನ್ನೂರು ಮುನ್ನೂರು ನಾಣ್ಯ ದೊಡ್ಡದೇನಲ್ಲ ಎನ್ನುವವರೂ ಇದ್ದಾರೆ. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಕಂಪೆನಿ ಖರ್ಚಿನಲ್ಲಿ ಹಾರುವವರು

ಈ ಯೋಜನೆಗಳ ನಿಜವಾದ ಫಲಾನುಭವಿಗಳು ಇವರೇ. ಟಿಕೆಟಿನ ದುಡ್ಡು ಕಂಪೆನಿಯದ್ದು, ಪಾಯಿಂಟ್ ಮಾತ್ರ ಸೀಟಿನಲ್ಲಿ ಕುಳಿತವನದ್ದು. ಹೊಸೂರಿನಿಂದ ದೇವನಹಳ್ಳಿಗೆ ಹೋಗಿ ತಿಂಗಳಿಗೆ ಎರಡು ಬಾರಿ ಹಾರುವ ಎಂಜಿನಿಯರು ನಂಬರ್ ತುಂಬಿಸದಿದ್ದರೆ ಅದು ಸೋಮಾರಿತನವೇ ಹೊರತು ಬೇರೇನಲ್ಲ.

ದೇಶದೊಳಗೆ ಮಾತ್ರ ಹಾರುವವರ ಮುಂದೆ ಮುಖ್ಯವಾಗಿ ಇರುವುದು ಎರಡು ಆಯ್ಕೆ. 2006ರಲ್ಲಿ ಹಾರಾಟ ಶುರುಮಾಡಿದ ಇಂಡಿಗೋ ಬಹಳ ವರ್ಷ ಇಂಥ ಯೋಜನೆಯೇ ಬೇಡ ಎಂದು ಕುಳಿತಿತ್ತು. 2024ರಲ್ಲಿ ಬ್ಲೂಚಿಪ್ ಎಂಬ ಹೆಸರಿನಲ್ಲಿ ಅದೂ ಕಣಕ್ಕಿಳಿಯಿತು. ಹೆಚ್ಚು ಊರುಗಳಿಗೆ, ಹೆಚ್ಚು ಹೊತ್ತಿನಲ್ಲಿ ಇರುವುದು ಇಂಡಿಗೋ ವಿಮಾನಗಳೇ ಆದ್ದರಿಂದ ಪಾಯಿಂಟ್ ಬೇಗ ಸೇರುತ್ತದೆ. ಇತ್ತ ಏರ್ ಇಂಡಿಯಾ 2014ರ ಜುಲೈಯಿಂದ ಸ್ಟಾರ್ ಅಲಯನ್ಸ್ ಒಕ್ಕೂಟದ ಸದಸ್ಯ. ಇಲ್ಲಿ ಸೇರಿಸಿದ ಪಾಯಿಂಟ್‌ನಿಂದ ಲುಫ್ತಾನ್ಸಾ, ಸಿಂಗಾಪುರ್ ಏರ್‌ಲೈನ್ಸ್‌ನಂಥ ಒಕ್ಕೂಟದ ವಿಮಾನಗಳಲ್ಲೂ ಟಿಕೆಟು ಕೇಳಬಹುದು. ಒಕ್ಕೂಟದ ಗೋಲ್ಡ್ ದರ್ಜೆಗೆ ಏರಿದವರಿಗೆ ಲೌಂಜ್ ಪ್ರವೇಶ ಸಿಗುತ್ತದೆ, ತೂಕದ ಲೆಕ್ಕವಿರುವ ಕಡೆ 20 ಕಿಲೋ ಹೆಚ್ಚುವರಿ ಲಗೇಜಿಗೂ ಅವಕಾಶವಿದೆ. ವಿದೇಶಕ್ಕೂ ಆಗಾಗ ಹೋಗುವವರಾದರೆ ಮಹಾರಾಜ ಕ್ಲಬ್, ಬೆಂಗಳೂರು–ಮುಂಬಯಿ ಓಡಾಟವೇ ಜಾಸ್ತಿಯಾದರೆ ಬ್ಲೂಚಿಪ್. ಎರಡಕ್ಕೂ ಸದಸ್ಯರಾಗಿದ್ದು ಒಂದನ್ನೇ ಬೆಳೆಸುವುದು ಲೇಸು.

ಅಮೆರಿಕ, ಯುರೋಪಿಗೆ ಹೋಗುವ ತಂದೆ ತಾಯಂದಿರು

ಇವರ ಸಮಸ್ಯೆ ಬೇರೆಯೇ. ದೂರ ವಿಪರೀತ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್. ಆದರೆ ಹೋಗುವುದು ಮೂರು ನಾಲ್ಕು ವರ್ಷಕ್ಕೊಮ್ಮೆ. ಮೊದಲ ಪ್ರಯಾಣದ ಮೈಲು ಎರಡನೆಯ ಪ್ರಯಾಣದ ಹೊತ್ತಿಗೆ ಬದುಕಿರುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲಿಗೆ ಮೂರು ವರ್ಷವಷ್ಟೇ ಆಯುಷ್ಯ. ಲುಫ್ತಾನ್ಸಾದ ಮೈಲ್ಸ್ ಆ್ಯಂಡ್ ಮೋರ್ ಕೂಡ ಸಾಮಾನ್ಯ ಸದಸ್ಯನಿಗೆ 36 ತಿಂಗಳು. ಕತಾರ್ ಏರ್‌ವೇಸ್ 2022ರಿಂದ ಏವಿಯೋಸ್ ಎಂಬ ಪಾಯಿಂಟ್ ಬಳಸುತ್ತದೆ. ಬ್ರಿಟಿಷ್ ಏರ್‌ವೇಸ್‌ನದ್ದೂ ಅದೇ ಪಾಯಿಂಟ್, ಎರಡು ಖಾತೆಗಳ ನಡುವೆ ದಾಟಿಸಲೂ ಬರುತ್ತದೆ. ಅಲ್ಲಿ 36 ತಿಂಗಳಲ್ಲಿ ಒಮ್ಮೆ ಏನಾದರೂ ವ್ಯವಹಾರ ನಡೆದರೆ ಖಾತೆ ಜೀವಂತ.

ಡೆಲ್ಟಾದ ಸ್ಕೈಮೈಲ್ಸ್ ಮತ್ತು ಯುನೈಟೆಡ್‌ನ ಮೈಲೇಜ್ ಪ್ಲಸ್ ಮೈಲುಗಳಿಗೆ ಮಾತ್ರ ಗಡುವೇ ಇಲ್ಲ. ಡೆಲ್ಟಾ 2011ರಲ್ಲಿ, ಯುನೈಟೆಡ್ 2019ರಲ್ಲಿ ಗಡುವು ತೆಗೆದುಹಾಕಿದವು. ಇಲ್ಲಿ ಹಲವರಿಗೆ ತಿಳಿಯದ ಒಂದು ಅನುಕೂಲವಿದೆ. ಏರ್ ಇಂಡಿಯಾದಲ್ಲಿಯೋ ಲುಫ್ತಾನ್ಸಾದಲ್ಲಿಯೋ ಹಾರಿದರೂ, ಎಲ್ಲವೂ ಒಂದೇ ಒಕ್ಕೂಟದವಾದ್ದರಿಂದ, ಆ ಹಾರಾಟವನ್ನು ಯುನೈಟೆಡ್ ಖಾತೆಗೆ ಬರೆಸಬಹುದು. ಏರ್ ಫ್ರಾನ್ಸ್, ಕೆಎಲ್‌ಎಂ ಹಾರಾಟವನ್ನು ಡೆಲ್ಟಾಕ್ಕೆ ಬರೆಸಬಹುದು. ತೀರಾ ಅಗ್ಗದ ದರದ ಟಿಕೆಟಿಗೆ ಕಡಿಮೆ ಮೈಲು ಸಿಕ್ಕೀತು ಅಥವಾ ಏನೂ ಸಿಗದೆ ಹೋದೀತು. ಆದರೆ ಸಿಕ್ಕಿದ್ದು ಮೊಮ್ಮಗನ ಮದುವೆಯವರೆಗೂ ಉಳಿಯುತ್ತದೆ! ಒಂದು ಹಾರಾಟವನ್ನು ಒಂದೇ ಖಾತೆಗೆ ಬರೆಸಲು ಸಾಧ್ಯ, ಆಮೇಲೆ ಬದಲಿಸಲಾಗದು. ಹಾಗಾಗಿ ಟಿಕೆಟು ತೆಗೆಯುವ ಮೊದಲೇ ಮಗ ಅಥವಾ ಮಗಳೊಡನೆ ಮಾತಾಡಿ ತೀರ್ಮಾನಿಸಿ.

ವಯಸ್ಸಾದವರಿಗೆ ಬೇಕಾದ ಗಾಲಿಕುರ್ಚಿ ಸೇವೆಗೂ ಈ ಸದಸ್ಯತ್ವಕ್ಕೂ ಸಂಬಂಧವಿಲ್ಲ. ಟಿಕೆಟು ತೆಗೆಯುವಾಗಲೇ ಕೇಳಿ ಬರೆಸಿದರೆ ಸಾಕು.

ವಿದ್ಯಾರ್ಥಿಗಳು ಮೈಲಿಗಿಂತ ಲಗೇಜಿನ ಕಡೆ ನೋಡುವುದು ಒಳಿತು. ಹಲವು ಸಂಸ್ಥೆಗಳು ವಿದ್ಯಾರ್ಥಿ ದರದಲ್ಲಿ ಹೆಚ್ಚುವರಿ ತೂಕಕ್ಕೆ ಅವಕಾಶ ಕೊಡುತ್ತವೆ. ಕತಾರ್ ಏರ್‌ವೇಸ್‌ನಲ್ಲಿ ಸ್ಟೂಡೆಂಟ್ ಕ್ಲಬ್ ಎಂಬ ಪ್ರತ್ಯೇಕ ವಿಭಾಗವೇ ಇದೆ. ಉಪ್ಪಿನಕಾಯಿ, ಹಪ್ಪಳ, ಪುಸ್ತಕ ತುಂಬಿದ ಪೆಟ್ಟಿಗೆಗೆ ಅದೇ ದೊಡ್ಡ ಉಪಕಾರ. ಹಜ್, ಉಮ್ರಾಕ್ಕೆ ಗುಂಪಾಗಿ ಹೋಗುವವರಿಗೆ ಗುಂಪು ದರದ ಟಿಕೆಟಿನಲ್ಲಿ ಸಾಮಾನ್ಯವಾಗಿ ಪಾಯಿಂಟ್ ಸಿಗುವುದಿಲ್ಲ. ಎರಡು ವರ್ಷದೊಳಗಿನ ಕೂಸಿಗೂ ಇಲ್ಲ. ಮಗುವಿಗೆ ಎರಡು ತುಂಬಿದ ಮೇಲೆ ಸ್ಕೈವರ್ಡ್ಸ್‌ನಲ್ಲಿ ಮಕ್ಕಳ ಖಾತೆ ತೆರೆಯಬಹುದು.

ಸಂಸ್ಥೆ ಮುಳುಗಿದರೆ?

ಈ ಪ್ರಶ್ನೆಯನ್ನು ಭಾರತೀಯರಿಗೆ ಯಾರೂ ಕಲಿಸಬೇಕಾಗಿಲ್ಲ. ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಕಿಂಗ್ ಕ್ಲಬ್ ಸದಸ್ಯರ ಮೈಲುಗಳು ಬರೀ ಅಂಕಿಯಾಗಿ ಉಳಿದವು. ಸಂಬಳವೇ ಸಿಗದ ನೌಕರರು ಬೀದಿಯಲ್ಲಿದ್ದಾಗ ಮೈಲು ಕೇಳುವವರಾದರೂ ಯಾರು? ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಬಾರಿಗೆ ಹಾರಿತು. ಅದರ ಜೆಟ್‌ಪ್ರಿವಿಲೇಜ್ ಬೇರೆಯೇ ಕಂಪೆನಿಯಾಗಿದ್ದು, ಹೆಚ್ಚಿನ ಪಾಲು ಅಬುಧಾಬಿಯ ಎತಿಹಾದ್ ಕೈಯಲ್ಲಿತ್ತು. ಹಾಗಾಗಿ ಯೋಜನೆ ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು, ಸದಸ್ಯರ ಪಾಯಿಂಟ್ ಉಳಿಯಿತು. ವಿಸ್ತಾರ ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಕ್ಲಬ್ ವಿಸ್ತಾರದ ಸದಸ್ಯರನ್ನು ಏರ್ ಇಂಡಿಯಾ ಯೋಜನೆಗೆ ಸೇರಿಸಿಕೊಳ್ಳಲಾಯಿತು. ಮೂರು ಸಂಸ್ಥೆ, ಮೂರು ಬಗೆಯ ಗತಿ. ಮೈಲು ಎಂಬುದು ಬ್ಯಾಂಕಿನ ಠೇವಣಿಯಲ್ಲ. ಅದಕ್ಕೆ ಬಡ್ಡಿ ಇಲ್ಲ, ವಿಮೆ ಇಲ್ಲ. ಸಂಸ್ಥೆ ಬಯಸಿದಾಗ ಒಂದು ಟಿಕೆಟಿಗೆ ಬೇಕಾದ ಮೈಲನ್ನು ಏರಿಸಬಹುದು. ಕೂಡಿಟ್ಟು ನೋಡುತ್ತ ಕೂರುವ ಬದಲು ಒಂದು ಟಿಕೆಟಿಗಾಗುವಷ್ಟು ಆದ ಕೂಡಲೇ ಬಳಸುವುದು ಕ್ಷೇಮ.

ಬಳಸುವಾಗಲೂ ಒಂದು ಲೆಕ್ಕ ಹಾಕಬೇಕು. ಉಚಿತ ಟಿಕೆಟಿಗೂ ತೆರಿಗೆ, ಶುಲ್ಕ ಕಟ್ಟಲೇಬೇಕು. ಉದಾಹರಣೆಗೆ 18,000 ರೂಪಾಯಿಯ ಟಿಕೆಟಿಗೆ 20,000 ಪಾಯಿಂಟ್ ಮತ್ತು 6,000 ರೂಪಾಯಿ ಕೇಳಿದರೆಂದಿಟ್ಟುಕೊಳ್ಳಿ. ಉಳಿದದ್ದು 12,000. ಅಂದರೆ ಒಂದು ಪಾಯಿಂಟಿಗೆ 60 ಪೈಸೆ ಬಂತು. ಇದೇ ಪಾಯಿಂಟ್‌ನಲ್ಲಿ ಸೂಟ್‌ಕೇಸು, ಮಿಕ್ಸಿ ಕೊಳ್ಳಲು ಹೋದರೆ ಎಷ್ಟು ಪೈಸೆ ಬೀಳುತ್ತದೆ ಎಂದು ಇದೇ ರೀತಿ ಭಾಗಿಸಿ ನೋಡಿ. ಹೆಚ್ಚಿನ ಸಲ ಟಿಕೆಟೇ ಮೇಲು ಎಂದು ಕಾಣುತ್ತದೆ.

ಪಾಯಿಂಟ್ ಆಸೆಗೆ ಕ್ರೆಡಿಟ್ ಕಾರ್ಡ್ ಮಾಡಿಸುವವರಿಗೆ ಒಂದೇ ಮಾತು. ಪ್ರತಿ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವ ಶಿಸ್ತು ಇದ್ದರೆ ಮಾತ್ರ ಮುಂದುವರಿಯಿರಿ. ಬಾಕಿ ಉಳಿಸಿದರೆ ಒಂದು ತಿಂಗಳ ಬಡ್ಡಿಯೇ ಆ ತಿಂಗಳ ಪಾಯಿಂಟ್‌ಗಳನ್ನು ನುಂಗಿ ಹಾಕುತ್ತದೆ.

ಹೆಸರು, ಬೋರ್ಡಿಂಗ್ ಪಾಸ್, ಮೊಬೈಲ್ ನಂಬರ್

ನಮ್ಮ ಕಡೆಯವರ ಮೈಲು ಕಳೆದುಹೋಗುವುದು ಹೆಚ್ಚಾಗಿ ಈ ಸಣ್ಣ ಕಾರಣಗಳಿಂದ. ಇನಿಶಿಯಲ್ ಇಟ್ಟುಕೊಳ್ಳುವ ಪದ್ಧತಿ ನಮ್ಮದು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಅಥವಾ ಮನೆತನದ ಹೆಸರು ಪೂರ್ತಿ ಇರುತ್ತದೆ, ಸದಸ್ಯತ್ವದ ಅರ್ಜಿಯಲ್ಲಿ ಒಂದಕ್ಷರ ಹಾಕಿರುತ್ತೇವೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಪಾಸ್‌ಪೋರ್ಟ್, ಟಿಕೆಟು, ಸದಸ್ಯತ್ವ ಮೂರರಲ್ಲೂ ಹೆಸರು ಅಕ್ಷರ ಅಕ್ಷರ ಒಂದೇ ಇರಬೇಕು. ಮೈಲು ಖಾತೆಗೆ ಬರುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಬರದಿದ್ದರೆ ಅದನ್ನು ತೋರಿಸಿ ಕೇಳಬಹುದು. ಆದರೆ ಕೇಳುವುದಕ್ಕೂ ಕೆಲವು ತಿಂಗಳ ಗಡುವು ಇದೆ. ‘ನಿಮ್ಮ ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ, ಇಲ್ಲಿ ಒತ್ತಿ’ ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ಒತ್ತದೆ, ಸಂಸ್ಥೆಯ ತಾಣಕ್ಕೆ ನೀವೇ ಹೋಗಿ ನೋಡಿ. ಒಟಿಪಿ ಯಾರು ಕೇಳಿದರೂ ಕೊಡಬೇಡಿ.

ಗಲ್ಫ್ ಬಿಟ್ಟು ಶಾಶ್ವತವಾಗಿ ಊರಿಗೆ ಮರಳುವವರು ವಿಶೇಷವಾಗಿ ಗಮನಿಸಬೇಕು. ಅಲ್ಲಿನ ಸಿಮ್ ಕಾರ್ಡ್ ರದ್ದಾದ ಮೇಲೆ ಆ ನಂಬರಿಗೆ ಬರುವ ಒಟಿಪಿ ನಿಮಗೆ ಸಿಗುವುದಿಲ್ಲ. ಕಂಪೆನಿಯ ಇ-ಮೇಲ್ ಕೊಟ್ಟಿದ್ದರೆ ಅದೂ ಕೆಲಸ ಬಿಟ್ಟ ದಿನವೇ ಮುಚ್ಚುತ್ತದೆ. ಹತ್ತು ಹನ್ನೆರಡು ವರ್ಷ ಹಾರಿ ಸೇರಿಸಿದ್ದು ಖಾತೆಯಲ್ಲಿ ಕಾಣಿಸುತ್ತಿದ್ದರೂ ಬೀಗದ ಕೈ ಮಾತ್ರ ನಿಮ್ಮ ಬಳಿ ಇರುವುದಿಲ್ಲ. ವೀಸಾ ಕ್ಯಾನ್ಸಲ್ ಮಾಡಿಸುವ ಮೊದಲೇ ಎಲ್ಲ ಖಾತೆಗಳಿಗೂ ಊರಿನ ನಂಬರ್, ಸ್ವಂತ ಇ-ಮೇಲ್ ಹಾಕಿಸಿ. ಸಾಧ್ಯವಾದರೆ ಕೊನೆಯ ಪ್ರಯಾಣದ ಟಿಕೆಟನ್ನೇ ಆ ಮೈಲಿನಲ್ಲಿ ತೆಗೆಯಿರಿ. ಯಾವ ಸಂಸ್ಥೆಯಲ್ಲಿ ಖಾತೆ ಇದೆ ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿಡಿ. ಸದಸ್ಯ ತೀರಿಕೊಂಡರೆ ಹಲವು ಸಂಸ್ಥೆಗಳ ನಿಯಮದ ಪ್ರಕಾರ ಮೈಲು ರದ್ದಾಗುತ್ತದೆ. ಕೆಲವು ಸಂಸ್ಥೆಗಳು ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಿದರೆ ಕುಟುಂಬದವರ ಹೆಸರಿಗೆ ಮಾಡಿಕೊಡುತ್ತವೆ. ಖಾತೆ ಇದೆ ಎಂಬುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಆ ಅರ್ಜಿ ಹಾಕುವವರೂ ಇರುವುದಿಲ್ಲ.